ಸಂಪಾದಕರ ಉತ್ತರ: ವಿಡಿಯೊ ಮುಗಿದ ಮೇಲಿನ ಜಿಂಕೆ

ಅಮೆರಿಕದ ಮಿನೆಸೋಟಾ ರಾಜ್ಯದ ಸರೋವರವೊಂದರ ಮಂಜುಗಡ್ಡೆಯ ಮೇಲೆ ಬಿದ್ದಿದ್ದ ಜಿಂಕೆಯ ಕುತ್ತಿಗೆಗೆ ಹಗ್ಗ ಹಾಕಿ ಇಬ್ಬರು ಯುವಕರು ದಡಕ್ಕೆಳೆದ ವಿಡಿಯೊ ನೋಡಿ ನೀವು ಬರೆದಿದ್ದೀರಿ: “ತರಬೇತಿ ಇಲ್ಲದವರು ಮಂಜುಗಡ್ಡೆಗೆ ಇಳಿಯಬಾರದೆಂದು ಕಳೆದ ಸಂಚಿಕೆಯಲ್ಲಿ ಉಪದೇಶ ಮಾಡಿದಿರಿ. ಆ ಹುಡುಗರು ನಿಮ್ಮ ಮಾತು ಕೇಳಿದ್ದರೆ ಜಿಂಕೆ ಅಲ್ಲೇ ಸಾಯುತ್ತಿತ್ತು. ಇದು ವಿವೇಕವೋ, ಹೇಡಿತನವೋ?”

ಹುಡುಗರ ಧೈರ್ಯ ಮೆಚ್ಚುವಂಥದ್ದೇ, ಒಪ್ಪಿದೆ. ಆದರೆ ಜಿಂಕೆ ಎದ್ದು ಕಾಡಿನತ್ತ ನಡೆದಲ್ಲಿಗೆ ವಿಡಿಯೊ ಮುಗಿಯಿತು. ಅದರ ಕಷ್ಟ ಮುಗಿದಿರಲಿಕ್ಕಿಲ್ಲ.

ಹಿಮಸಾರಂಗದ ಗೊರಸಿನ ಅಂಚು ಚಳಿಗಾಲದಲ್ಲಿ ಚೂಪಾಗಿ ಮಂಜನ್ನು ಕಚ್ಚುತ್ತದೆ. ಮಿನೆಸೋಟಾದ ಬಿಳಿಬಾಲದ ಜಿಂಕೆಗೆ ಆ ಭಾಗ್ಯವಿಲ್ಲ. ಕಾಲುಗಳು ಎರಡೂ ಪಕ್ಕಕ್ಕೆ ಜಾರುತ್ತವೆ, ಒಳತೊಡೆಯ ಸ್ನಾಯು ಹರಿಯುತ್ತದೆ, ಕೆಲವೊಮ್ಮೆ ಸೊಂಟದ ಕೀಲೇ ತಪ್ಪುತ್ತದೆ. ಇದರ ಮೇಲೆ ಮನುಷ್ಯ ಮುಟ್ಟಿದ ಭಯ. ಪಶುವೈದ್ಯರು ಕ್ಯಾಪ್ಚರ್ ಮಯೋಪತಿ ಎನ್ನುವುದು ಇದನ್ನೇ: ಒದ್ದಾಟಕ್ಕೂ ಭಯಕ್ಕೂ ಸ್ನಾಯುಕೋಶ ಒಡೆದು, ಅದರೊಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರಿ ಮೂತ್ರಪಿಂಡ ಕೆಡುತ್ತದೆ. ಸಾವು ಕೆಲವೇ ಗಂಟೆಗಳಲ್ಲಿ ಬರಬಹುದು, ಹಲವು ದಿನ ಬಿಟ್ಟೂ ಬರಬಹುದು. ಅಷ್ಟರಲ್ಲಿ ಕ್ಯಾಮೆರಾದವರು ಮನೆ ಸೇರಿರುತ್ತಾರೆ.

ಬಲ್ಲವರು ಕುತ್ತಿಗೆಗೆ ಹಗ್ಗ ಹಾಕುವುದಿಲ್ಲ, ಉಸಿರು ಕಟ್ಟುತ್ತದೆ. ಹಿಂದಿನಿಂದ ಸದ್ದಿಲ್ಲದೆ ಹೋಗಿ ಮೊದಲು ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ, ಅರ್ಧ ಒದ್ದಾಟ ಅಲ್ಲಿಗೇ ಇಳಿಯುತ್ತದೆ. ಕಾಲುಗಳು ಮತ್ತೆ ಅಗಲದಂತೆ ಮಡಿಸಿ ಕಟ್ಟಿ, ಎದೆ ಕೆಳಗಾಗುವಂತೆ ಸ್ಲೆಡ್ ಎಂಬ ಜಾರುಬಂಡಿಯ ಮೇಲೆ ಕೂರಿಸುತ್ತಾರೆ. ಮೆಲುಕು ಹಾಕುವ ಪ್ರಾಣಿಯನ್ನು ಮಗ್ಗುಲಾಗಿ ಹೆಚ್ಚು ಹೊತ್ತು ಮಲಗಿಸಿದರೆ ಹೊಟ್ಟೆಯಲ್ಲಿ ಗಾಳಿ ತುಂಬಿ ಉಸಿರಿಗೇ ಕುತ್ತು. ದಡದಲ್ಲಿ ಕಾಲು ಬಿಚ್ಚಿ, ಕಣ್ಣಿನ ಬಟ್ಟೆಯನ್ನು ಕೊನೆಗೆ ತೆಗೆದು, ದೂರ ಸರಿಯುತ್ತಾರೆ. ಎಲ್ಲರಿಗೂ ಲೈಫ್ ಜಾಕೆಟ್, ಬೂಟಿಗೆ ಮುಳ್ಳು, ನೀರಿಗೆ ಬಿದ್ದರೆ ಮಂಜಿಗೆ ಚುಚ್ಚಿ ಮೇಲೇರಲು ಕೊರಳಲ್ಲಿ ಐಸ್ ಪಿಕ್, ದಡದವರ ಕೈಯಲ್ಲಿ ಹಗ್ಗದ ತುದಿ. ಆ ವಿಡಿಯೊದಲ್ಲಿ ಇದರಲ್ಲಿ ಎಷ್ಟು ಕಂಡಿತು, ನೀವೇ ಹೇಳಿ.

ಒಬ್ಬ ಮನುಷ್ಯ ನಡೆಯಲು ಹೊಸ, ಪಾರದರ್ಶಕ ಮಂಜುಗಡ್ಡೆ ಕನಿಷ್ಠ 4 ಅಂಗುಲ ದಪ್ಪ ಬೇಕು; ಹಿಮ ಬೆರೆತ ಬಿಳಿ ಮಂಜಾದರೆ ಅದರ ಎರಡರಷ್ಟು. ಜಿಂಕೆಯನ್ನು ಹೊತ್ತ ಮಂಜು ಇಬ್ಬರು ಆಳುಗಳನ್ನೂ ಹೊರುತ್ತದೆಂಬ ಖಾತರಿ ಇಲ್ಲ. ತಣ್ಣೀರಿಗೆ ಬಿದ್ದವರಿಗೆ ಉಸಿರು ಹತೋಟಿಗೆ ಬರಲು 1 ನಿಮಿಷ ಬೇಕು, ಕೈಕಾಲು ಮಾತು ಕೇಳುವುದು ಸುಮಾರು 10 ನಿಮಿಷ.

ಅಂದಹಾಗೆ, ಈಶಾನ್ಯ ಮಿನೆಸೋಟಾದಲ್ಲಿ ತೋಳಗಳು ಜಿಂಕೆಯನ್ನು ಸರೋವರದ ಮೇಲೇ ಅಟ್ಟಿ ಕೊಲ್ಲುವುದುಂಟು. ಉಳಿದದ್ದು ಕಾಗೆ, ಹದ್ದು, ನರಿಗಳ ಪಾಲು. ಅವಕ್ಕೂ ಚಳಿಗಾಲವೇ.

ನನ್ನ ಸಿಟ್ಟು ಆ ಹುಡುಗರ ಮೇಲಲ್ಲ. ಪಟ್ಟಿ ಬಿಚ್ಚಿ ನಾಯಿಯನ್ನು ದಂಡೆಗುಂಟ ಬಿಟ್ಟು, ಅದು ಜಿಂಕೆಯನ್ನು ಮಂಜಿನ ಮೇಲಕ್ಕೆ ಅಟ್ಟಲು ಬಿಡುವವರ ಮೇಲೆ. ದೋಣಿಕಟ್ಟೆ ಉಳಿಸಲು ಗಾಳಿಗುಳ್ಳೆ ಹಾಯಿಸಿ, ತಳದ 4 ಡಿಗ್ರಿಯ ತುಸು ಬೆಚ್ಚಗಿನ ನೀರನ್ನು ಮೇಲೆತ್ತಿ, ಸುತ್ತಲ ಮಂಜು ತೆಳುವಾಗಿಸಿ, ಎಚ್ಚರಿಕೆ ಫಲಕವನ್ನೂ ಹಾಕದವರ ಮೇಲೆ. ಹಿತ್ತಲಲ್ಲಿ ಮೆಕ್ಕೆಜೋಳ ಸುರಿದು ಜಿಂಕೆಗಳನ್ನು ಆಚೆ ದಡದಿಂದ ಕರೆಸಿಕೊಳ್ಳುವ ಪುಣ್ಯವಂತರ ಮೇಲೆ. ಚಳಿಗಾಲದಲ್ಲಿ ಚಿಗುರುಕಡ್ಡಿಗೆ ಒಗ್ಗಿದ ಹೊಟ್ಟೆಗೆ ಹಠಾತ್ತನೆ ಆ ಕಾಳು ಬಿದ್ದರೆ ಆಮ್ಲ ಏರಿ ಜಿಂಕೆ ಸಾಯುವುದೂ ಉಂಟು, ಅದೂ ಹೊಟ್ಟೆ ತುಂಬಿಕೊಂಡೇ. ನಿಮ್ಮ ನೆರೆಯಲ್ಲಿ ಅಂಥವರಿದ್ದರೆ ಮುಂದಿನ ಪತ್ರವನ್ನು ದಯವಿಟ್ಟು ಅವರಿಗೇ ಬರೆಯಿರಿ.