ರೂಡಿಮೆಂಟ್ಸ್ ಬಂತು, ಡ್ರಮ್ಸ್‌ನಲ್ಲಿ ಮುಂದೇನು ಪ್ರಾಕ್ಟೀಸ್ ಮಾಡಲಿ?

ಸಿಂಗಲ್ ಸ್ಟ್ರೋಕ್, ಡಬಲ್ ಸ್ಟ್ರೋಕ್, ಪ್ಯಾರಾಡಿಡಲ್ ಕೈಗೆ ಕೂತಿದೆ, 40 ರೂಡಿಮೆಂಟ್‌ಗಳ (ಕೋಲು ಹಿಡಿದು ಕಲಿಯುವ ಮೂಲ ಪೆಟ್ಟಿನ ಪಾಠಗಳು) ಪಟ್ಟಿಯಲ್ಲಿ ಉಳಿದದ್ದನ್ನೂ ಕಲಿಯಬೇಕಾ ಅಂತ ಕೇಳಿದ್ದೀರಿ. ಆ ಪಟ್ಟಿಯನ್ನು ನಾನೂ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿದ್ದೆ. ಒಂದೊಂದು ಬಂದ ಹಾಗೆ ಪೆನ್ನಲ್ಲಿ ಟಿಕ್ ಹಾಕುತ್ತಿದ್ದೆ. 22 ಟಿಕ್ ಆಗಿದ್ದಾಗ ಗಣೇಶನ ಹಬ್ಬದ ಆರ್ಕೆಸ್ಟ್ರಾಗೆ ಕರೆ ಬಂತು.

ಮೂರನೇ ಹಾಡು. ಎರಡನೇ ಚರಣದಲ್ಲಿ ಹಾಡುವ ಅಕ್ಕನಿಗೆ ಉಸಿರು ತೆಗೆದುಕೊಳ್ಳಲು ಜಾಗವೇ ಸಿಗಲಿಲ್ಲ. ಸಾಲಿನ ಕೊನೆಯ ಪದ ನುಂಗಿ, ಹಿಂದೆ ತಿರುಗಿ ನನ್ನನ್ನು ನೋಡಿದರು. ನನ್ನ ರೋಲ್ (ಬೀಟಿನ ಮಧ್ಯೆ ಸರಸರ ಹೊಡೆಯುವ ಪೆಟ್ಟುಗಳು) ಮೆಚ್ಚಿಕೊಂಡರು ಅಂದುಕೊಂಡು ಇನ್ನೊಂದು ಹೊಡೆದೆ!

ಪ್ರೋಗ್ರಾಂ ಮುಗಿದ ಮೇಲೆ ಬೇಸ್ ಗಿಟಾರಿನವರು ಮೊಬೈಲ್ ರೆಕಾರ್ಡಿಂಗ್ ಹಾಕಿ ಟೆಂಪೋ ಅಳೆದು ತೋರಿಸಿದರು. ಶುರು 92 ಬಿಪಿಎಂ (ನಿಮಿಷಕ್ಕೆ ಅಷ್ಟು ಎಣಿಕೆ), ಕೊನೆ 104. ಬೈಯಲಿಲ್ಲ. "ಬಸ್ ಏನಾದ್ರೂ ತಪ್ಪೋಗುತ್ತಿತ್ತಾ ತಮ್ಮಾ?" ಅಂದರು ಅಷ್ಟೆ.

ತಪ್ಪು ಎಲ್ಲಿತ್ತು ಅಂತ ಬಿಡಿಸಿ ಹೇಳುತ್ತೇನೆ. ಬೀಟ್ ನುಡಿಸುವಾಗ ನಾನು ಓಡುತ್ತಿರಲಿಲ್ಲ. ಓಡುತ್ತಿದ್ದದ್ದು ಫಿಲ್‌ನಲ್ಲಿ. (ಆರ್ಕೆಸ್ಟ್ರಾದವರ ಬಾಯಲ್ಲಿ ಅದೇ ರೋಲ್.) ಒಂದು ಬಾರ್ (ನಾಲ್ಕು ಎಣಿಕೆಯ ಒಂದು ಸುತ್ತು) ರೋಲ್ ಅಂದರೆ 16 ಪೆಟ್ಟು. ಸ್ನೇರ್ ಡ್ರಮ್‌ನಲ್ಲಿ 4, ಮೇಲಿನ ಎರಡು ಟಾಮ್ ಡ್ರಮ್‌ಗಳಲ್ಲಿ 8, ನೆಲದ ಮೇಲಿನ ಫ್ಲೋರ್ ಟಾಮ್‌ನಲ್ಲಿ 4. ಫ್ಲೋರ್ ಟಾಮ್ ಮುಟ್ಟುವಷ್ಟರಲ್ಲಿ ಖುಷಿಗೆ ಕೈ ಬಿಸಿಯಾಗಿ, ಕೊನೆಯ ನಾಲ್ಕು ಪೆಟ್ಟು ಒಂದನ್ನೊಂದು ತಳ್ಳಿಕೊಂಡು ಬರುತ್ತಿದ್ದವು. ರೋಲ್ ಮುಗಿಸಿ ಹೊಡೆಯುವ ಕ್ರ್ಯಾಶ್ (ಲೋಹದ ತಟ್ಟೆ) ಕೂದಲೆಳೆಯಷ್ಟು ಬೇಗ ಬೀಳುತ್ತಿತ್ತು. ಅಷ್ಟೇ ಆಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮುಂದಿನ ಬೀಟನ್ನು ಆ ಕೊನೆಯ ನಾಲ್ಕು ಪೆಟ್ಟಿನ ಸ್ಪೀಡಿಗೇ ಹಿಡಿಯುತ್ತಿದ್ದೆ. ಪಲ್ಲವಿಗೊಂದು ರೋಲ್, ಬಿಜಿಎಂಗೆ (ಮಧ್ಯದ ವಾದ್ಯಸಂಗೀತಕ್ಕೆ) ಎರಡು, ಚರಣಕ್ಕೆ ಇನ್ನೊಂದು. ಹನ್ನೆರಡು ರೋಲ್, ಒಂದೊಂದಕ್ಕೆ ಒಂದೊಂದು ಬಿಪಿಎಂ. ಲೆಕ್ಕ ಸರಿಹೋಯ್ತು ಅಲ್ವಾ?

ಮನೆಯಲ್ಲಿ ಇದು ಗೊತ್ತಾಗಲೇ ಇಲ್ಲ. ರೋಲ್ ಮಾಡುವ ದಿನ ಬರೀ ರೋಲ್, ಬೀಟ್ ಮಾಡುವ ದಿನ ಬರೀ ಬೀಟ್. ಬೀಟಿನಿಂದ ರೋಲಿಗೆ ಹೋಗಿ ವಾಪಸ್ ಬರುವುದನ್ನು ಒಂದು ದಿನವೂ ಮಾಡಿರಲಿಲ್ಲ.

ಹಾಗಾಗಿ ಮುಂದಿನ ರೂಡಿಮೆಂಟ್ ಯಾವುದು ಅನ್ನುವ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಪಟ್ಟಿ ಎತ್ತಿಡಿ. ಮೆಟ್ರೊನೋಮ್ (ಒಂದೇ ವೇಗದಲ್ಲಿ ಕ್ಲಿಕ್ ಕೊಡುವ ಯಂತ್ರ ಅಥವಾ ಆ್ಯಪ್) 60ಕ್ಕೆ ಇಟ್ಟು ಮೂರು ಬಾರ್ ಸಾದಾ ಬೀಟ್, ಒಂದು ಬಾರ್ ರೋಲ್, ಮತ್ತೆ ಬೀಟ್. ರೋಲ್ ಹೊಡೆಯುವಾಗ ಬಾಯಲ್ಲಿ ನಾಲ್ಕು ಸಲ ತಕಧಿಮಿ ಹೇಳಿ, ಜೋರಾಗಿ. ಬಾಯಿ ತೊದಲಿದ ಕಡೆಯೇ ಕೈಯೂ ಓಡಿರುತ್ತದೆ. 60 ಬೋರ್ ಹೊಡೆಸುತ್ತದೆ, ನಿಜ. 120ಕ್ಕಿಂತ ಕಷ್ಟ ಕೂಡ, ಪೆಟ್ಟುಗಳ ಮಧ್ಯೆ ಜಾಗ ಜಾಸ್ತಿ. ಆಮೇಲೆ ನಾಲ್ಕನೇ ಬಾರ್‌ನಲ್ಲಿ, ಅಂದರೆ ರೋಲ್ ಹೊಡೆಯುವಾಗ, ಕ್ಲಿಕ್ ಮ್ಯೂಟ್ ಆಗುವ ಹಾಗೆ ಮಾಡಿ, ಕೆಲವು ಆ್ಯಪ್‌ಗಳಲ್ಲಿ ಆಗುತ್ತದೆ. ಕ್ಲಿಕ್ ವಾಪಸ್ ಬರುವ ಹೊತ್ತಿಗೆ ನಿಮ್ಮ ಕ್ರ್ಯಾಶ್ ಅದರ ಮೇಲೇ ಬಿದ್ದು ಕ್ಲಿಕ್ ಕೇಳಿಸದಿದ್ದರೆ ಸರಿ. ಮೊದಲು ಕ್ರ್ಯಾಶ್, ಆಮೇಲೆ ಟಿಕ್ ಅಂದರೆ ಓಡಿದ್ದೀರಿ.

ಸಿನಿಮಾ ಹಾಡು ನುಡಿಸುವ ಆಸೆಯಿದ್ದರೆ 6/8 ಬೀಟ್ (ಬಾರ್‌ಗೆ ಆರು ಎಣಿಕೆಯದು) ಕೂಡ ಹೀಗೇ ಮಾಡಿ.

ನಿಮ್ಮ ಹತ್ತಿರ ಕಿಟ್ ಇದೆಯೋ ಬರೀ ಪ್ರಾಕ್ಟೀಸ್ ಪ್ಯಾಡೋ (ರಬ್ಬರ್ ಹಲಗೆ) ಬರೆದಿಲ್ಲ. ಪ್ಯಾಡ್ ಆದರೆ ಕಾಲನ್ನು ಸುಮ್ನೆ ಇಡಬೇಡಿ, ಬಾರ್‌ನ 1 ಮತ್ತು 3ನೇ ಎಣಿಕೆಗೆ ನೆಲಕ್ಕೆ ತಟ್ಟಿ. ಕೆಳಗಿನ ಮನೆಯವರು ಬೈದರೆ ಕಾಲಡಿಗೆ ಹಳೇ ಬೆಡ್‌ಶೀಟ್ ಮಡಚಿ ಹಾಕಿಕೊಳ್ಳಿ.