ಟೈಮರ್ ಎಲ್ಲಿ ಹೋತ್ರಿ?

ನಮಸ್ಕಾರ್ರಿ. ಸಿಪಿಯು ಶೆಡ್ಯೂಲಿಂಗ್, ಅಂದ್ರ ಯಾವ ಪ್ರೋಗ್ರಾಮಿಗೆ ಯಾವಾಗ ಸಿಪಿಯು ಸಿಗಬೇಕು ಅಂತ ಠರಾಯಿಸೂದರ ಬಗ್ಗೆ ಹಾವೇರಿಯಿಂದ ನೀವು ಕಳಿಸಿದ ಒಂಬತ್ತು ಪುಟದ ಲೇಖನ ನಿನ್ನೆ ರಾತ್ರಿ ಎರಡು ಸಲ ಓದಿದೆ. ಭಾಷೆ ಚೊಲೋ ಐತಿ, ಲಿನಕ್ಸ್ ಆಪರೇಟಿಂಗ್ ಸಿಸ್ಟಮಿಗೆ 2007ರಾಗ ಸಿಎಫ್‌ಎಸ್ ಅನ್ನೂ ಶೆಡ್ಯೂಲರ್ ಬಂತು, 2023ರಾಗ 6.6ನೇ ಆವೃತ್ತಿ ಜೋಡಿ ಇಇವಿಡಿಎಫ್ ಅನ್ನೂ ಶೆಡ್ಯೂಲರ್ ಬಂತು ಅನ್ನೂದನ್ನೂ ಸರಿ ಬರದೀರಿ. ಆದ್ರ ಮೂರನೇ ಪುಟಕ್ಕ ಬಂದಾಗ ನನಗ ಖರೇನ ಸಿಟ್ಟು ಬಂತು.

ಅಲ್ಲಿ ನೀವು ಬರದಿದ್ದು: "ಶೆಡ್ಯೂಲರ್ ಎಂಬ ಪೊಲೀಸಪ್ಪ ಚೆನ್ನಮ್ಮ ಸರ್ಕಲ್‌ನಲ್ಲಿ ನಿಂತವನಂತೆ ಎಲ್ಲ ಪ್ರೋಗ್ರಾಮುಗಳ ಮೇಲೂ ಸದಾ ಕಣ್ಣಿಟ್ಟಿರುತ್ತಾನೆ."

ಎಲ್ಲಿ ನಿಂತಾನ್ರಿ ಅಂವ? ಒಂದ ಕೋರ್ (ಪ್ರೋಗ್ರಾಮ್ ಓಡಿಸೂ ಘಟಕ) ಇರೂ ಮಷೀನ್ ತಗೋರಿ. ಹಾಡಿನ ಪ್ರೋಗ್ರಾಮ್ ಸಿಪಿಯು ಮ್ಯಾಲ ಓಡಾಕತ್ತಿದ್ರ ಆ ಹೊತ್ತಿಗೆ ಶೆಡ್ಯೂಲರ್ ಓಡಾಕತ್ತಿರೂದಿಲ್ಲ, ಅದೂ ಒಂದು ಕೋಡ್, ಮೆಮೊರಿಯೊಳಗ ಸುಮ್ನ ಬಿದ್ದಿರ್ತೈತಿ, ಅದು ಏನರ ನೋಡಬೇಕು ಅಂದ್ರ ಅದಕ್ಕೂ ಅದ ಸಿಪಿಯು ಬೇಕು. ನಿಮ್ಮ ಪೊಲೀಸಪ್ಪ ರಸ್ತೆ ಬದಿಗೆ ನಿಂತಿರ್ತಾನ, ಗಾಡಿ ಓಡಿದ್ರೂ ಅಂವ ಇರ್ತಾನ. ಇಲ್ಲಿ ಹಂಗಿಲ್ಲ. ಈ ವಿಷಯದಾಗ ಓದೋರಿಗೆ ಬೆರಗಾಗೂ ಜಾಗಾ ಯಾವ್ದರ ಇದ್ರ ಅದು ಇದ, ಅದನ್ನ ಪೊಲೀಸಪ್ಪನ್ನ ನಿಲ್ಲಿಸಿ ಮುಚ್ಚಿಬಿಟ್ಟೀರಿ.

ಮುಂದಿನ ಸಾಲು ಇನ್ನೂ ಕೆಟ್ಟದು: "ಸಮಯ ಮುಗಿದ ಕೂಡಲೇ ಪ್ರಾಸೆಸ್ ತಾನಾಗಿಯೇ ಸಿಪಿಯು ಬಿಟ್ಟುಕೊಡುತ್ತದೆ."

ಪ್ರಾಸೆಸ್, ಅಂದ್ರ ಓಡಾಕತ್ತಿದ ಪ್ರೋಗ್ರಾಮ್, ತಾನಾಗಿ ಬಿಟ್ಟುಕೊಡೂದಿಲ್ರಿ. ಡಿಸ್ಕಿಂದ ಏನರ ಓದಬೇಕಾದಾಗ ತಾನ ಕರ್ನಲ್, ಅಂದ್ರ ಆಪರೇಟಿಂಗ್ ಸಿಸ್ಟಮಿನ ತಿರುಳು, ಅದನ್ನ ಕರೀತೈತಿ, ಆಗ ಜಾಗಾ ಬಿಡ್ತೈತಿ, ಅದು ಬ್ಯಾರೆ ಮಾತು. ಆದ್ರ ಮುಗೀದ ಲೂಪಿನಾಗ ಸಿಕ್ಕ ಪ್ರೋಗ್ರಾಮಿಗೆ ಸಮಯ ಮುಗಿದಿದ್ದು ಯಾರು ಹೇಳ್ತಾರ? ಹಾರ್ಡ್‌ವೇರ್ ಟೈಮರ್. ಕರ್ನಲ್ 250 ಹರ್ಟ್ಜ್‌ಗೆ ಸೆಟ್ ಆಗಿದ್ರ 4 ಮಿಲಿಸೆಕೆಂಡಿಗೊಮ್ಮೆ ಇಂಟರಪ್ಟ್ (ಸಿಪಿಯು ಕೆಲಸ ತಡಿಯೂ ಸಂಕೇತ) ಬಡೀತೈತಿ, ಪ್ರೋಗ್ರಾಮ್ ಒಪ್ಪಲಿ ಬಿಡಲಿ ಸಿಪಿಯು ಅದನ್ನ ಅಲ್ಲೇ ನಿಲ್ಲಿಸಿ ಕರ್ನಲ್ ಕೋಡಿಗೆ ಜಿಗೀತೈತಿ. ಈಗ ಓಡಾಕತ್ತಿದ್ದು ತನ್ನ ಪಾಲು ಮುಗಿಸೇತೋ ಇಲ್ಲೋ ಅಂತ ಅಲ್ಲಿ ಲೆಕ್ಕ ಆಗ್ತೈತಿ, ಮುಗಿಸಿದ್ರ ಸಿಪಿಯು ಒಳಗ ಅದರ ಸದ್ಯದ ಅಂಕಿ ಹಿಡಿಯೂ ರಿಜಿಸ್ಟರ್‌ಗಳನ್ನ ತಗದಿಟ್ಟು ಇನ್ನೊಂದರ ರಿಜಿಸ್ಟರ್ ತುಂಬಿ ಅದನ್ನ ಓಡಸ್ತಾರ. ನಿಂತ ಪ್ರೋಗ್ರಾಮಿಗೆ ತಾ ನಿಂತಿದ್ದ ಗೊತ್ತಾಗೂದಿಲ್ಲ.

ಒಂಬತ್ತು ಪುಟದಾಗ ಟೈಮರ್ ಅನ್ನೂ ಶಬ್ದ ಒಂದು ಸಲನೂ ಬಂದಿಲ್ಲ. ಕಂಪ್ಯೂಟರ್ ವಿಜ್ಞಾನಿ ಫರ್ನಾಂಡೊ ಕಾರ್ಬಾಟೊ ಅವರಿಗೆ 1990ರಾಗ ಟ್ಯೂರಿಂಗ್ ಪ್ರಶಸ್ತಿ ಬಂದಿದ್ದಕ್ಕ ಒಂದು ಪ್ಯಾರಾ ಕೊಟ್ಟೀರಿ, ಆದ್ರ 1961ರಾಗ ಎಂಐಟಿಯೊಳಗ ಒಂದ ಮಷೀನನ್ನ ಭಾಳ ಮಂದಿ ಒಮ್ಮೆಲೆ ಬಳಸೂ ಸಿಟಿಎಸ್ಎಸ್ ಅನ್ನೂ ವ್ಯವಸ್ಥೆ ಕಟ್ಟೂಮುಂದ ಅವರಿಗೂ ಮಷೀನಿಗೆ ಟೈಮರ್ ಬೇಕಾಗಿತ್ತು ಅನ್ನೂದನ್ನ ಬಿಟ್ಟೀರಿ.

ಇದು ನನಗ ಯಾಕ ಇಷ್ಟು ಹತ್ತತೈತಿ ಅಂದ್ರ, 1994ರಾಗ ನಾ ಹುಬ್ಬಳ್ಳಿ ಕೊಪ್ಪೀಕರ್ ರಸ್ತೆ ಹತ್ರ ಒಂದು ಡಿಟಿಪಿ ಅಂಗಡ್ಯಾಗ ಲಗ್ನಪತ್ರಿಕೆ ಟೈಪ್ ಮಾಡೂದು ಕಲಿಯಾಕತ್ತಿದ್ದೆ. ನಮ್ಮ ಮಷೀನಿನಾಗಿದ್ದದ್ದು ಕೋಆಪರೇಟಿವ್ ಪದ್ಧತಿ, ಪ್ರತಿಯೊಂದು ಪ್ರೋಗ್ರಾಮೂ ತಾನಾಗಿ ಸಿಪಿಯು ಬಿಟ್ರ ಇನ್ನೊಂದಕ್ಕ ಸಿಗ್ತಿತ್ತು, ಅಂದ್ರ ನೀವು ಬರದಿದ್ದು ಅಲ್ಲಿ ಖರೇ ಇತ್ತು. ಒಂದಿನ ರಾತ್ರಿ ಗದಗಿನೋರ ಲಗ್ನಪತ್ರಿಕೆ ಅರ್ಧ ಆದಾಗ ಪ್ರಿಂಟಿಂಗ್ ಪ್ರೋಗ್ರಾಮ್ ಸಿಕ್ಕಿಬಿತ್ತು, ಅದು ಬಿಡ್ಲಿಲ್ಲ, ಉಳಿದದ್ದೆಲ್ಲಾ ನಿಂತ್ವು, ಕಡೀಕ ಸ್ವಿಚ್ ತಗದೆ, ಮೂರು ತಾಸಿನ ಕೆಲಸ ಹೋತು. ಬೆಳಿಗ್ಗೆ ಮಾಲಕರಿಗೆ "ಮಷೀನ್ ಹ್ಯಾಂಗ್ ಆತ್ರಿ" ಅಂದೆ. ಅವರು ಬೈಲಿಲ್ಲ. "ಹ್ಯಾಂಗ್ ಆತು ಅನಬ್ಯಾಡ, ಯಾವ್ದು ಯಾವ್ದನ್ನ ಹಿಡಕೊಂಡು ಕುಂತಿತ್ತು, ಅದನ್ನ ಹೇಳು" ಅಂದ್ರು. ನನಗ ಹೇಳಾಕ ಬರಲಿಲ್ಲ. ಅದನ್ನ ಹೇಳಾಕ ಬರೂತನ ಎರಡು ವರ್ಷ ಹಿಡೀತು, ಇವತ್ತಿಗೂ ಯಾರದರ ಲೇಖನ ಕೈಗೆ ಬಂದ್ರ ಮೊದಲು ಅದನ್ನ ಹುಡುಕ್ತೀನಿ.

ಇನ್ನೊಂದು ಸಾಲು: "ಉಳಿದವೆಲ್ಲ ತಮ್ಮ ಸರದಿಗಾಗಿ ಕಾಯುತ್ತಿರುತ್ತವೆ." ಎಲ್ಲಾ ಅಲ್ರಿ. ಗಿರಣಿ ನೆನಸ್ಕೋರಿ. ಡಬ್ಬಿ ಪಾಳಿಗೆ ಇಟ್ಟೋರು ಒಂದು ಮಂದಿ, ಅವರದು ಬೀಸಾಕ ತಯಾರೈತಿ, ಕಲ್ಲು ಖಾಲಿ ಆಗಬೇಕಷ್ಟ. ಇನ್ನೊಂದು ಮಂದೀದು ಜ್ವಾಳ ಇನ್ನೂ ಮಾಳಿಗಿ ಮ್ಯಾಲ ಒಣಗಾಕತ್ತೈತಿ, ಅದರ ಮಾಲಕರು ಮನ್ಯಾಗ ಕುಂತಾರ, ಗಿರಣಿ ಖಾಲಿ ಇದ್ರೂ ಅವರದು ಬೀಸಾಕ ಆಗೂದಿಲ್ಲ. ಮೊದಲಿನದು ರೆಡಿ, ಎರಡನೇದು ಬ್ಲಾಕ್ ಆಗಿದ್ದು, ಶೆಡ್ಯೂಲರ್ ಆರಿಸೂದು ಪಾಳಿಯೊಳಗಿನ ಡಬ್ಬಿಗಳನ್ನಷ್ಟ. ಎರಡಕ್ಕೂ ನೀವು "ಕಾಯು" ಅಂತ ಒಂದ ಶಬ್ದ ಬಳಸಿದ್ದಕ್ಕ ಮುಂದಿನ ಎರಡು ಪುಟ ಪೂರಾ ಗೋಜಲಾಗ್ಯಾವು. ನಿಮ್ಮ ಲ್ಯಾಪ್‌ಟಾಪಿನಾಗ ಪ್ರಾಸೆಸ್ ಪಟ್ಟಿ ತೋರಿಸೂ ಲಿನಕ್ಸಿನ ಟಾಪ್ ಕಮಾಂಡ್ ಹೊಡದು ನೋಡ್ರಿ, ನೂರಾರು ಪ್ರಾಸೆಸ್ ಎಸ್ ಅಂತ ಮಲಗಿರ್ತಾವು, ಆರ್ ಅಂತ ಇರೂದು ಒಂದೋ ಎರಡೋ. ಓಡಾಕತ್ತಿದ್ದಕ್ಕೂ ಪಾಳ್ಯಾಗ ನಿಂತಿದ್ದಕ್ಕೂ ಲಿನಕ್ಸ್ ಆರ್ ಅಂತನ ತೋರಸ್ತೈತಿ, ಅದನ್ನೂ ಓದೋರಿಗೆ ಹೇಳ್ರಿ.

ಯಾವ ಪ್ರಾಸೆಸಿಗೆ ಎಷ್ಟು ಮಹತ್ವ ಅನ್ನೂ ನೈಸ್ ವ್ಯಾಲ್ಯೂ, ಪ್ರಯಾರಿಟಿ ಭಾಗ ನಾ ಮುಟ್ಟಿಲ್ಲ, ಸದ್ಯಕ್ಕ ಬದಿಗಿಡ್ರಿ. ಪೊಲೀಸಪ್ಪನ್ನ ತಗೀರಿ. ಒಂದು ಪ್ರೋಗ್ರಾಮ್ ಮುಗೀದ ಲೂಪಿನಾಗ ತಿರುಗಾಕತ್ತೈತಿ, ಆಗ ನೀವು ಕೀಬೋರ್ಡಿನ ಮ್ಯಾಲ ಒಂದು ಅಕ್ಷರ ಒತ್ತೀರಿ, ಅದು ಪರದೆ ಮ್ಯಾಲ ಮೂಡೂತನ ಯಾವ್ದು ಯಾವ್ದನ್ನ ನಿಲ್ಲಸ್ತೈತಿ, ಯಾವ್ದು ಎದ್ದು ಪಾಳಿಗೆ ಬರ್ತೈತಿ, ಅಷ್ಟನ್ನ ಒಂದೊಂದ ಹೆಜ್ಜೆ ಬರದು ಕಳಸ್ರಿ. ನಾಲ್ಕು ಪುಟ ಆದ್ರೂ ಪೂರಾ ಹಾಕ್ತೀನಿ.