ತಾಮ್ರದ ತಗಡು ಇರುವಾಗ ಅಣು ವೇಗವರ್ಧಕ ಯಾಕೆ ಬೇಕು?

ಗದಗದಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ ಅಂದಿದ್ದೀರಿ. ಕರೆಂಟು ಹರಿಸಿ ಇಂಗಾಲದ ಡೈಆಕ್ಸೈಡನ್ನು ಉಪಯೋಗದ ವಸ್ತು ಮಾಡಲು ಬೆಳ್ಳಿ, ತಾಮ್ರದ ತಗಡು ಸಾಕಲ್ವಾ, ಅಣು ವೇಗವರ್ಧಕಗಳ (ರಾಸಾಯನಿಕ ಕ್ರಿಯೆಯನ್ನು ಸುಲಭ ಮಾಡುವ ಬಿಡಿ ಬಿಡಿ ಅಣುಗಳು, ಅಂದರೆ ಮಾಲಿಕ್ಯುಲರ್ ಕ್ಯಾಟಲಿಸ್ಟ್) ಹಿಂದೆ ಯಾಕೆ ಬಿದ್ದಿದ್ದಾರೆ ಅನ್ನೋದು ನಿಮ್ಮ ಪ್ರಶ್ನೆ. ಧಾರವಾಡದಲ್ಲಿ ಕೆಲವು ವರ್ಷ ನಾನು ಇದೇ ಕೆಲಸ ಮಾಡಿದ್ದೇನೆ.

ಇಂಗಾಲದ ಡೈಆಕ್ಸೈಡ್ ಕೋಲಿನಂತೆ ನೆಟ್ಟಗಿರುವ ಅಣು. ಒಂದೇ ಒಂದು ಎಲೆಕ್ಟ್ರಾನ್ ಕೊಟ್ಟರೆ ಅದು ಬಾಗಬೇಕು. ಅದಕ್ಕೆ ಸುಮಾರು ಮೈನಸ್ 1.9 ವೋಲ್ಟ್ ಬೇಕು. ಎರಡು ಎಲೆಕ್ಟ್ರಾನ್, ಎರಡು ಪ್ರೋಟಾನ್ ಒಟ್ಟಿಗೆ ಸಿಕ್ಕರೆ ಮಾತ್ರ ತಟಸ್ಥ ನೀರಿನಲ್ಲಿ ಸುಮಾರು ಮೈನಸ್ 0.53 ವೋಲ್ಟ್‌ನಲ್ಲೇ ಕಾರ್ಬನ್ ಮೊನಾಕ್ಸೈಡ್ ಆಗಬಹುದು. ಈ ಹಗುರ ದಾರಿ ತೆರೆಯುವುದೇ ವೇಗವರ್ಧಕದ ಕೆಲಸ. ಜೊತೆಗೆ ಇನ್ನೊಂದು ಕಾಟ ಇದೆ: ನೀರು ಪಕ್ಕದಲ್ಲೇ ಇರುವುದರಿಂದ ಎಲೆಕ್ಟ್ರಾನ್‌ಗಳು ಸುಮ್ನೆ ಹೈಡ್ರೋಜನ್ ಮಾಡಿ ಮುಗಿಸುತ್ತವೆ.

ತಗಡಿನ ಮೇಲೆ ಮೂಲೆ, ಮೆಟ್ಟಿಲು, ಗುಂಡಿ ಎಲ್ಲ ಇರುತ್ತವೆ. ಯಾವ ಜಾಗದಲ್ಲಿ ಕೆಲಸ ನಡೆಯಿತು ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಅಣುವಿನಲ್ಲಿ ಹಾಗಲ್ಲ. ನಾಲ್ಕು ನೈಟ್ರೋಜನ್‌ಗಳ ನಡುವೆ ಒಂದು ಲೋಹದ ಪರಮಾಣು, ಎಲ್ಲ ಅಣುಗಳಲ್ಲೂ ಅದೇ ಜಾಗ. ಸುತ್ತಲಿನ ಬಳೆಯಲ್ಲಿ ಒಂದು ಗುಂಪು ಬದಲಿಸಿದರೆ ಫಲ ಏನಾಯಿತು ಎಂದು ನೇರವಾಗಿ ಕಾಣುತ್ತದೆ. ನನಗೆ ಈ ವಿಷಯದ ಮೇಲೆ ಪ್ರೀತಿ ಹುಟ್ಟಿದ್ದೇ ಇದರಿಂದ.

ಪ್ಯಾರಿಸ್‌ನ ರಸಾಯನ ವಿಜ್ಞಾನಿ ಸಾವೆಯಾಂ ಮತ್ತು ಸಂಗಡಿಗರು 2012ರಲ್ಲಿ ಕಬ್ಬಿಣದ ಪಾರ್ಫಿರಿನ್ (ಇಂಥದೇ ಬಳೆಯ ನಡುವೆ ಕಬ್ಬಿಣ ಕೂತ ಅಣು) ಸುತ್ತ ಫೀನಾಲ್ ಗುಂಪುಗಳನ್ನು ಕೂಡಿಸಿದರು. ಪ್ರೋಟಾನ್‌ಗಳು ಲೋಹದ ಮಗ್ಗುಲಲ್ಲೇ ಸಿಕ್ಕವು. ದೂರದಿಂದ ನೀರು ಹೊರುತ್ತಿದ್ದ ಮನೆಗೆ ಬಾಗಿಲಲ್ಲೇ ನಳ ಬಂದ ಹಾಗೆ! ಕರೆಂಟಿನ ಶೇ 90ಕ್ಕಿಂತ ಜಾಸ್ತಿ ಪಾಲು ಕಾರ್ಬನ್ ಮೊನಾಕ್ಸೈಡ್ ಮಾಡಲು ಹೋಯಿತು.

ನಾನು ಕೆಲಸ ಮಾಡಿದ್ದು ಕೋಬಾಲ್ಟ್ ಥ್ಯಾಲೋಸಯನೈನ್ ಜೊತೆ, ಇದೂ ಅಂಥದೇ ಬಳೆ, ನಡುವೆ ಕೋಬಾಲ್ಟ್. ಇದರ ತಾಮ್ರದ ತಮ್ಮ ನಿಮಗೆ ಗೊತ್ತಿರುವವನೇ, ಪೇಂಟು ಮತ್ತು ಮುದ್ರಣದ ಮಸಿಯ ಆ ಗಾಢ ನೀಲಿ. ಕೋಬಾಲ್ಟ್, ನಿಕಲ್ ಥ್ಯಾಲೋಸಯನೈನ್‌ಗಳಿಗೆ ಇಂಗಾಲದ ಡೈಆಕ್ಸೈಡನ್ನು ಕರೆಂಟಿನಿಂದ ಬದಲಿಸುವ ಗುಣ ಇದೆ ಎಂದು ಜಪಾನಿನವರು 1974ರಲ್ಲೇ ಕಂಡಿದ್ದರು. ನನ್ನ ಮೊದಲ ಎಲೆಕ್ಟ್ರೋಡ್‌ಗಳಲ್ಲಿ ಬಂದದ್ದು ಮಾತ್ರ ಹೆಚ್ಚುಕಡಿಮೆ ಬರೀ ಹೈಡ್ರೋಜನ್. ವಾರಗಟ್ಟಲೆ ತಲೆ ಕೆಡಿಸಿಕೊಂಡೆ. ಈ ಅಣುಗಳು ಚಪ್ಪಟೆ. ಜಾಸ್ತಿ ಹಾಕಿದರೆ ಪೇರಿಸಿಟ್ಟ ಖಡಕ್ ರೊಟ್ಟಿಯಂತೆ ಒಂದರ ಮೇಲೊಂದು ಕೂರುತ್ತವೆ. ಎಲೆಕ್ಟ್ರೋಡಿನ ಕಾರ್ಬನ್‌ಗೆ ತಾಗಿದ ಕೆಳಗಿನವಕ್ಕೆ ಕರೆಂಟು ಸರಿಯಾಗಿ ಸಿಗುತ್ತದೆ, ಮೇಲಿನವು ಉಪವಾಸ. ಪುಡಿ ಕಡಿಮೆ ಮಾಡಿ, ಕಾರ್ಬನ್ ನ್ಯಾನೋ ಕೊಳವೆಗಳ ಮೇಲೆ ತೆಳ್ಳಗೆ ಹರಡಿದ ಮೇಲೆ ಕಾರ್ಬನ್ ಮೊನಾಕ್ಸೈಡ್ ಬಂತು. ಅವತ್ತು ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ನಲ್ಲಿ (ಯಾವ ಅನಿಲ ಎಷ್ಟಿದೆ ಎಂದು ಬೇರೆ ಮಾಡಿ ತೋರಿಸುವ ಯಂತ್ರ) ಆ ಗೆರೆ ಏಳುವುದನ್ನು ನೋಡುತ್ತ ಕೂತಿದ್ದು ಇನ್ನೂ ನೆನಪಿದೆ.

ಇದೇ ಅಣು, ಇದೇ ಕೊಳವೆಯ ಮೇಲೆ, ಆರು ಎಲೆಕ್ಟ್ರಾನ್ ಕೊಟ್ಟು ಮೆಥನಾಲ್ ತನಕ ಹೋಗಬಲ್ಲದು ಎಂದು 2019ರಲ್ಲಿ ಅಮೆರಿಕ, ಚೀನಾದ ಗುಂಪೊಂದು ತೋರಿಸಿತು. ಕರೆಂಟಿನ ಶೇ 40ಕ್ಕಿಂತ ಹೆಚ್ಚು ಮೆಥನಾಲಿಗೆ. ಬಳೆಗೆ ಅಮೈನೋ ಗುಂಪು ಹಚ್ಚಿದ ಮೇಲೆ ಕನಿಷ್ಠ 12 ಗಂಟೆ ಬಾಳಿತು. ಕಾರ್ಖಾನೆಗೆ 12 ಗಂಟೆ ಏನೂ ಅಲ್ಲ, ಸಾವಿರಾರು ಗಂಟೆ ಬೇಕು. ಬಾಳಿಕೆಯೇ ಇವುಗಳ ದೊಡ್ಡ ಕೊರತೆ, ಅಲ್ಲಿ ತಗಡು ಗೆಲ್ಲುತ್ತದೆ.

ನಮ್ಮ ಕಡೆಗೆ ಇದು ದೂರದ ಮಾತಲ್ಲ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳಿವೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶೇ 0.04ರಷ್ಟೇ, ಆದರೆ ಕಾಕಂಬಿ ಹುದುಗಿಸಿ ಎಥನಾಲ್ ಮಾಡುವಲ್ಲಿ ಹೆಚ್ಚುಕಡಿಮೆ ಶುದ್ಧವಾಗಿಯೇ ಹೊರಬರುತ್ತದೆ. ಶುರು ಮಾಡುವುದಾದರೆ ಅಲ್ಲಿಂದಲೇ ಎನ್ನುವುದು ನನ್ನ ಅಭಿಪ್ರಾಯ.

ಮುಂದೆ ನೀವೇ ಪ್ರಯೋಗ ಮಾಡಿದರೆ, ಇಂಗಾಲದ ಡೈಆಕ್ಸೈಡ್ ಬದಲು ಆರ್ಗಾನ್ ಹಾಯಿಸಿ ಒಮ್ಮೆ ನೋಡಿ. ಆಗಲೂ ಕಾರ್ಬನ್ ಮೊನಾಕ್ಸೈಡ್ ಬಂದರೆ ಅದು ನಿಮ್ಮ ವೇಗವರ್ಧಕದ ಕೆಲಸವಲ್ಲ, ಬೇರೆ ಎಲ್ಲಿಂದಲೋ ಬರುತ್ತಿದೆ.